ಟಗರಿನ ಗಾಡಿಗೆ ಕೂಲರ್ ಹಾಕಿಸಿದ್ದು

ನನ್ನ ಎಡಗಾಲು ಹೇಳಿದ ಮಾತು ಕೇಳುವುದಿಲ್ಲ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಆ ಕಾಲೊಂದು ಸೊರಗಿಹೋಯಿತು, ಉಳಿದ ನಾನು ದಷ್ಟಪುಷ್ಟವಾಗಿ ಬೆಳೆದೆ. ನಡೆಯುವಾಗ ತೊಡೆಯ ಮೇಲೆ ಕೈಯೂರಿಕೊಂಡು ನಡೆಯುತ್ತೇನೆ. ಎಡಗಾಲಿನಿಂದ ಒತ್ತುವ ಕ್ಲಚ್ ಇರುವ ಗಾಡಿಯನ್ನು ಈ ಜನ್ಮದಲ್ಲಿ ಓಡಿಸಲಾರೆ. ಶಿವಮೊಗ್ಗದಲ್ಲಿ ಯಾರೋ ಹಳೆಯ ಆಟೋಮ್ಯಾಟಿಕ್ ಜೀಪೊಂದನ್ನು ಮಾರುತ್ತಿದ್ದಾರೆ ಎಂದು ಗೊತ್ತಾದಾಗ ಹಟ ಹಿಡಿದು ಕೂತು ಅದನ್ನು ಮನೆಗೆ ತರಿಸಿದೆ. ಎರಡೇ ಪೆಡಲ್, ಎರಡಕ್ಕೂ ಬಲಗಾಲೊಂದೇ ಸಾಕು, ಗೇರು ತಾನಾಗಿಯೇ ಬದಲಾಗುತ್ತದೆ.

ನಮ್ಮದು ಶಿಕಾರಿಪುರದ ಕಡೆಯ ಹಳ್ಳಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಟಗರು ಸಾಕುತ್ತೇವೆ. ಮೊದಲೆಲ್ಲ ದಲ್ಲಾಳಿಗಳು ಬಾಗಿಲಿಗೇ ಬಂದು, ಟಗರಿನ ಬೆನ್ನು ಹಿಸುಕಿ ನೋಡಿ, ಬಾಯಿಗೆ ಬಂದ ರೇಟು ಹೇಳಿ ಹೊಡೆದುಕೊಂಡು ಹೋಗುತ್ತಿದ್ದರು. ಜೀಪಿನ ಹಿಂದೆ ಟ್ರಾಲಿ ಕಟ್ಟಿಕೊಂಡು ನಾನೇ ಸೊರಬ, ಆನವಟ್ಟಿ ಕಡೆ ಹೋಗಿ ಮಾರಲು ಶುರು ಮಾಡಿದ ಮೇಲೆ ಅವರ ಕಾಟ ತಪ್ಪಿತು. ಮದುವೆಯಾಗಿ ಬಂದಾಗಿನಿಂದ ನಾನು ಎಲ್ಲಿಗೆ ಹೋಗಬೇಕಾದರೂ ಯಾರಾದರೊಬ್ಬರು ಕರೆದುಕೊಂಡು ಹೋಗಬೇಕಿತ್ತು. ಈಗ ಟಗರುಗಳನ್ನು ಹಿಂದೆ, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಕರೆದುಕೊಂಡು ಹೋಗುತ್ತಿದ್ದೆ. ಆ ಖುಷಿಯನ್ನು ಹೇಳಿಕೊಂಡರೆ ಜಂಬ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ.

ಆದರೆ ಆ ಹಾಳು ಗೇರ್‌ಬಾಕ್ಸು! ಖಾಲಿ ಜೀಪು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ಹಿಂದೆ ಟ್ರಾಲಿ ಎಳೆಯುತ್ತ ಶಿರಾಳಕೊಪ್ಪ ದಾಟಿ ಸೊರಬದ ರಸ್ತೆಯ ಏರು ಹತ್ತಿದರೆ ಗೇರ್‌ಬಾಕ್ಸಿನ ಆಯಿಲ್ ಕಾದು ಕೂತುಬಿಡುತ್ತಿತ್ತು. ಮೊದಲು ಸೀದ ವಾಸನೆ, ಆಮೇಲೆ ಮೀಟರಿನ ಪಕ್ಕದಲ್ಲಿ ಒಂದು ಹಳದಿ ದೀಪ. ಅದಾದ ಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಇಂಜಿನ್ ಊಳಿಡುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಬದಿಗೆ ಹಾಕಿ, ಬಾನೆಟ್ ಎತ್ತಿ, ಅದು ತಣ್ಣಗಾಗುವವರೆಗೂ ರಸ್ತೆಯಲ್ಲಿ ನಿಲ್ಲಬೇಕು.

ನಿಂತರೆ ಜನ ಸುಮ್ಮನಿರುತ್ತಾರೆಯೇ? ಒಬ್ಬ ರೇಡಿಯೇಟರಿಗೆ ನೀರು ಹಾಕು ಎನ್ನುತ್ತಾನೆ, ಇನ್ನೊಬ್ಬ ಡೀಸೆಲ್ಲಿನಲ್ಲಿ ಕಸ ಎನ್ನುತ್ತಾನೆ. ಒಮ್ಮೆ ಸೊರಬದ ಕಡೆಯ ಹಿರಿಯರೊಬ್ಬರು ಬೈಕ್ ನಿಲ್ಲಿಸಿ, ನನ್ನನ್ನು ದಾಟಿಕೊಂಡು ನಮ್ಮ ಯಜಮಾನರ ಹತ್ತಿರ ಹೋದರು.

"ಎಂತ ಆಯ್ತು ಮಾರಾಯ್ರೆ? ಗಾಡಿ ಕೈ ಕೊಡ್ತಾ?"

"ಅವಳನ್ನ ಕೇಳ್ರಿ. ಗಾಡಿ ಅವಳ್ದು," ಎಂದು ಇವರು ಮುಖ ಆ ಕಡೆ ತಿರುಗಿಸಿದರು. ಆ ಹಿರಿಯರು ನನ್ನನ್ನು ನೋಡಿದರು, ಕಾಲನ್ನು ನೋಡಿದರು, ಸ್ಟೀರಿಂಗ್ ನೋಡಿದರು. ಪಾಪ ಎಂದು ತಲೆ ಆಡಿಸಿ ಹೊರಟುಹೋದರು. ಏನು ಪಾಪ? ಯಾರಿಗೆ ಪಾಪ? ಮೈ ಉರಿದುಹೋಯಿತು ನನಗೆ.

ಆ ಸಂಜೆ ಊಟಕ್ಕೆ ಕೂತಾಗ ಯಜಮಾನರು ವಿಷಯ ತೆಗೆದರು. ಶಿಕಾರಿಪುರದಲ್ಲಿ ಅವರ ಪರಿಚಯದವನೊಬ್ಬ ಕ್ಲಚ್ ಇರುವ ಪಿಕಪ್ ಇಟ್ಟುಕೊಂಡಿದ್ದಾನಂತೆ, ನಮ್ಮ ಜೀಪಿಗೆ ಅದಲುಬದಲು ಮಾಡಲು ತಯಾರಿದ್ದಾನಂತೆ.

"ಕ್ಲಚ್ ಗಾಡಿ ತಂದ್ರೆ ನಾ ಹೆಂಗ್ರೀ ಓಡಿಸ್ಲಿ?"

"ನಾ ಇಲ್ವೇನೇ? ನಾ ಓಡಿಸ್ತೀನಿ. ನೀನು ಆರಾಮಾಗಿ ಮನೇಲಿರು."

ಆರಾಮಾಗಿ ಮನೇಲಿರು! ತಟ್ಟೆ ಪಕ್ಕಕ್ಕೆ ಸರಿಸಿದೆ. ಇದೊಂದು ಸಲ ರಿಪೇರಿ ಮಾಡಿಸಿ ನೋಡೋಣ, ಆಮೇಲೂ ಆ ದೀಪ ಹತ್ತಿದರೆ ನಿಮ್ಮಿಷ್ಟ ಬಂದಂತೆ ಮಾಡಿ ಎಂದುಬಿಟ್ಟೆ. ಈ ಜೀಪು ಹೋದರೆ ನನ್ನ ಓಡಾಟವೂ ಹೋದಂತೆಯೇ.

ಮೊಬೈಲಿನಲ್ಲಿ ಹುಡುಕಿ ಹುಡುಕಿ ಕಣ್ಣು ನೋಯಿಸಿಕೊಂಡು ಕಡೆಗೆ ಒಂದು ದಾರಿ ಕಂಡುಕೊಂಡೆ. ಭಾರ ಎಳೆಯುವ ಆಟೋಮ್ಯಾಟಿಕ್ ಗಾಡಿಗಳಿಗೆ ಗೇರ್‌ಬಾಕ್ಸಿನ ಆಯಿಲ್ ತಣ್ಣಗಾಗಲೆಂದೇ ಬೇರೆ ಕೂಲರ್ ಹಾಕುತ್ತಾರಂತೆ. ನೋಡಲು ಪುಟ್ಟ ರೇಡಿಯೇಟರ್ ಥರ ಇರುತ್ತದೆ, ತೆಳ್ಳನೆಯ ರೆಕ್ಕೆಗಳು ಒತ್ತೊತ್ತಾಗಿರುತ್ತವೆ. ಕಾದ ಆಯಿಲ್ ಪೈಪಿನಲ್ಲಿ ಅದರೊಳಕ್ಕೆ ಬರುತ್ತದೆ, ಮುಂದಿನಿಂದ ಬೀಸುವ ಗಾಳಿಗೆ ತಣಿದು ವಾಪಸ್ ಹೋಗುತ್ತದೆ. ಇಷ್ಟೇ. ಇಷ್ಟಕ್ಕೆ ನಾನು ಪಟ್ಟ ಪಾಡು ಶಿವನಿಗೇ ಗೊತ್ತು.

ಶಿರಾಳಕೊಪ್ಪದ ಮೆಕ್ಯಾನಿಕ್ಕಿಗೆ ಅದರ ಚಿತ್ರ ತೋರಿಸಿದೆ. ಆತ ಮೊಬೈಲನ್ನು ಉದ್ದಕ್ಕೆ ಹಿಡಿದು, ಅಡ್ಡಕ್ಕೆ ಹಿಡಿದು ನೋಡಿದ. "ಇದು ನಮ್ ಕಡೆ ಯಾರೂ ಹಾಕ್ಸಲ್ಲ ಬಿಡ್ರಿ ಅಕ್ಕಾರೆ," ಎಂದ. ಯಾರೂ ಹಾಕಿಸದಿದ್ದರೆ ನಾನು ಹಾಕಿಸುತ್ತೇನೆ, ನಿನಗೇನು ಕಷ್ಟ ಎಂದೆ. ಕೂಲರ್ ತರಿಸಿದ್ದಾಯಿತು. ಬಂದ ಕೂಲರಿನ ಮೂತಿಗೆ ಪೈಪು ಕೂರಲಿಲ್ಲ. ಬೇರೆ ಪೈಪು ತರಿಸಿದರೆ ಕ್ಲಿಪ್ಪು ದೊಡ್ಡದಾಯಿತು. ಒಂದು ಸಲ ಹೋದರೆ ಕರೆಂಟ್ ಇಲ್ಲ, ಇನ್ನೊಂದು ಸಲ ಹೋದರೆ ಅವನೇ ಇಲ್ಲ, ಯಾರದೋ ಮನೆ ಗೃಹಪ್ರವೇಶ. ಸಂತೆಯ ದಿನ ಹೋದರೆ ಅಂಗಡಿ ಮುಂದೆ ಈರುಳ್ಳಿ ಗುಡ್ಡೆ ಹಾಕಿಕೊಂಡವರು ಗಾಡಿ ಒಳಗೆ ಬಿಡಲೇ ಇಲ್ಲ.

ಅಂತೂ ಒಂದು ದಿನ ಕೂಲರನ್ನು ಮುಂಭಾಗದ ಜಾಲರಿಯ ಹಿಂದೆ ಬಿಗಿದು, ಪೈಪು ಜೋಡಿಸಿ, "ಆಯ್ತು ನೋಡ್ರಿ, ಇನ್ನು ಬೆಂಗ್ಳೂರಿಗೆ ಬೇಕಾದ್ರೂ ಎಳ್ಕಂಡು ಹೋಗ್ರಿ," ಎಂದ. ಊರಿನ ದಾರಿ ಅರ್ಧ ಮುಗಿಯುವಷ್ಟರಲ್ಲಿ ಜೀಪಿನ ಕೆಳಗಿನಿಂದ ಕೆಂಪು ಆಯಿಲ್ ಸೋರಿ ರಸ್ತೆಯ ಮೇಲೆ ಗೆರೆ ಎಳೆದಿತ್ತು. ವಾಪಸ್ ಹೋಗಿ ಜಗಳಕ್ಕೇ ನಿಂತೆ. ತಲೆ ಕೆಟ್ಟು ಹೋಗಿತ್ತು, ಬಾಯಿಗೆ ಬಂದಿದ್ದೆಲ್ಲ ಅಂದೆ. ಆತನೂ ಬಿಡಲಿಲ್ಲ, "ಹೆಣ್ಮಕ್ಳು ಗಾಡಿ ವಿಷ್ಯಕ್ಕೆ ಬಂದ್ರೆ ಹಿಂಗೇ," ಎಂದ. ಮತ್ತೆ ಬಿಚ್ಚಿ ಬಿಗಿದಿದ್ದಂತೂ ಹೌದು. ಸೋರುವುದು ನಿಂತಿತು.

ಮಾರನೆಯ ವಾರ ಸೊರಬಕ್ಕೆ ಟಗರು ತುಂಬಿಕೊಂಡು ಹೋದೆವು. ಏರು ಬಂತು. ಕಣ್ಣೆಲ್ಲ ಆ ದೀಪದ ಜಾಗದ ಮೇಲೇ. ಹತ್ತಲಿಲ್ಲ. ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ನನಗೆ ಕೂಗಬೇಕು ಅನ್ನಿಸಿತು. "ನೋಡಿದ್ರಾ?" ಎಂದೆ. ಯಜಮಾನರು "ಹ್ಞೂಂ" ಎಂದರು, ಅಷ್ಟೇ. ಕಿಟಕಿಯ ಗಾಜು ಏರಿಸಿಕೊಂಡು ಕೂತಿದ್ದರು.

ಈ ಸಂಭ್ರಮ ಒಂದು ತಿಂಗಳೂ ಬಾಳಲಿಲ್ಲ. ಹುರುಳಿ ಕೀಳುವ ಕಾಲ ಬಂದಿತ್ತು. ಅದೇ ರಸ್ತೆ, ಅದೇ ಟ್ರಾಲಿ, ಟಗರು ಒಂದೆರಡು ಕಡಿಮೆಯೇ ಇದ್ದವು. ಏರಿನ ಅರ್ಧಕ್ಕೆ ಸೀದ ವಾಸನೆ, ಹಿಂದೆಯೇ ದೀಪ. ಬದಿಗೆ ಹಾಕಿ ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಕೂತುಬಿಟ್ಟೆ.

"ನಾ ಮೊದ್ಲೇ ಹೇಳಿರ್ಲಿಲ್ವಾ? ಈ ಆಟೋಮ್ಯಾಟಿಕ್ಕು ಕಾರಿಗೆ ಸೈ, ಟಗರು ಎಳಿಯಾಕಲ್ಲ," ಎಂದರು ಇವರು. ಅಲ್ಲೇ ರಸ್ತೆಯಲ್ಲಿ ನಿಂತು ಶಿಕಾರಿಪುರದವನಿಗೆ ಫೋನ್ ಹಚ್ಚಿದರು. ಸೋಮವಾರ ಬಂದು ಗಾಡಿ ನೋಡಲಿ ಎಂದಾಯಿತು. ಕೊಟ್ಟ ಮಾತು ನನ್ನದೇ, ಏನಂತ ಬಾಯಿ ತೆಗೆಯಲಿ? ಫೋನಿನಲ್ಲಿ ಇವರ ದನಿ ಹುರುಪಾಗಿತ್ತು. ಅದು ಬೇರೆ ನನ್ನ ಹೊಟ್ಟೆ ಉರಿಸಿತು.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ "ನಾ ಹಾಕಿದ್ದು ಕರೆಕ್ಟಾಗೈತೆ, ನಿಮ್ ಗೇರ್‌ಬಾಕ್ಸೇ ಹೋಗೈತೆ ಬಿಡ್ರಿ," ಎಂದು ಇಟ್ಟುಬಿಟ್ಟ. ಭಾನುವಾರ ಬೆಳಿಗ್ಗೆ ಶೆಡ್ಡಿನ ಕೆಲಸ ಮುಗಿಸಿ ಜೀಪಿನ ಮುಂದೆ ನೆಲದ ಮೇಲೆ ಕೂತೆ. ಸುಮ್ಮನೆ ಕೊಟ್ಟು ಕಳಿಸಲು ಮನಸ್ಸು ಒಪ್ಪಲಿಲ್ಲ. ಸ್ಕ್ರೂ ಬಿಚ್ಚಿ ಜಾಲರಿ ತೆಗೆದು ನೋಡಿದರೆ ಕೂಲರಿನ ರೆಕ್ಕೆಗಳೇ ಕಾಣಿಸುತ್ತಿರಲಿಲ್ಲ. ಇಡೀ ಮುಖಕ್ಕೆ ಹುರುಳಿ ಹೊಟ್ಟು ಮೆತ್ತಿಕೊಂಡಿತ್ತು. ಸೋರಿದಾಗಿನ ಆಯಿಲಿನ ಜಿಡ್ಡಿಗೆ ಅಂಟಿ, ಒತ್ತಿ, ರೊಟ್ಟಿಯಂತೆ ದಪ್ಪಗಾಗಿತ್ತು. ಒಂದು ಎಳೆ ಗಾಳಿ ಒಳಗೆ ಹೋಗುವ ಹಾಗಿರಲಿಲ್ಲ.

ನನಗೆ ಅರ್ಥವಾಗಲಿಲ್ಲ. ನಮ್ಮ ಕಡೆ ಹುರುಳಿಯನ್ನು ಒಕ್ಕಲು ಟಾರು ರಸ್ತೆಯ ಮೇಲೆಯೇ ಹರಡುತ್ತಾರೆ, ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆದು ಕಾಳು ಉದುರುತ್ತದೆ. ಆದರೆ ಅದರ ಬಳ್ಳಿ ಗಾಡಿಯಡಿ ಸುತ್ತಿಕೊಂಡು ಬೆಂಕಿ ಹತ್ತಿದ್ದನ್ನು ಕೇಳಿದ್ದೇನೆ. ಅದಕ್ಕೇ ನಾನು ಹುರುಳಿ ಕಂಡರೆ ಬದಿಗೆ ಹೊಡೆದುಕೊಂಡು, ಹರಡಿದವರಿಗೆ ಬೈದುಕೊಂಡೇ ಹೋಗುವವಳು. ಇಷ್ಟು ಹೊಟ್ಟು ಎಲ್ಲಿಂದ ಬಂತು?

ಅಷ್ಟರಲ್ಲಿ ಎದುರುಮನೆಯಾಕೆ ತಲೆಯ ಮೇಲೆ ಒಂದು ಚೀಲ ಹೊತ್ತುಕೊಂಡು ಬಂದಳು.

"ತಗಳ್ರಿ, ಟಗರಿಗೆ ಹೊಟ್ಟು. ನಿಮ್ಮೆಜಮಾನ್ರು ಎಷ್ಟು ಒಳ್ಳೇರು ನೋಡ್ರಿ. ನೀವು ಶೆಡ್ಡಿಗೆ ಹೋದ ಕೂಡ್ಲೇ ದಿನಾ ಬೆಳಿಗ್ಗೆ ಜೀಪ್ ತಂದು, ಊರ ಮುಂದೆ ಆ ಕಡೆಯಿಂದ ಈ ಕಡೆಗೆ ಓಡಾಡ್ಸಿ ಎಲ್ಲಾರ ಹುರುಳಿ ಒಕ್ಕಿ ಕೊಟ್ರು. ಹೊಟ್ಟು ಕೊಟ್ರೆ ಸಾಕು ಅಂದ್ರು."

ಚೀಲ ಇಳಿಸಿಕೊಂಡೆ. ಹುರುಳಿ ಹೊಟ್ಟೆಂದರೆ ಟಗರುಗಳಿಗೆ ಪ್ರಾಣ, ಅದು ನಿಜ. ನಿಧಾನದ ಗೇರಿನಲ್ಲಿ ಮತ್ತೆ ಮತ್ತೆ ಹುರುಳಿಯ ಮೇಲೆ ಓಡಿಸಿದರೆ ಹೊಟ್ಟೂ ದೂಳೂ ಎದ್ದು ಜಾಲರಿಯೊಳಗೆ ಹೋಗದೆ ಎಲ್ಲಿಗೆ ಹೋಗುತ್ತದೆ? ಹಳೆಯ ಟೂತ್‌ಬ್ರಷ್ಷು, ಸೋಪಿನ ಪುಡಿ ತಂದು ಕೂತೆ. ನೀರು ಬಿಟ್ಟು, ರೆಕ್ಕೆ ಬಾಗದ ಹಾಗೆ ಉಜ್ಜಿ ಉಜ್ಜಿ, ಮಧ್ಯಾಹ್ನದ ಹೊತ್ತಿಗೆ ಕೂಲರ್ ಹೊಸದರಂತೆ ಹೊಳೆಯಿತು. ಉಜ್ಜುವಾಗೆಲ್ಲ ಗಂಡನಿಗೆ ಏನೇನು ಅನ್ನಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ.

ಅವರು ಬಂದರು. ಬಿಚ್ಚಿಟ್ಟ ಜಾಲರಿಯನ್ನೂ ಹೊಟ್ಟಿನ ಗುಡ್ಡೆಯನ್ನೂ ನೋಡಿ ನಿಂತರು.

"ನನ್ ಗೇರ್‌ಬಾಕ್ಸ್ ಹೋಗಿಲ್ಲ. ನೀವು ಅದರ ಮೂಗು ಮುಚ್ಚಿದ್ರಿ," ಎಂದೆ. "ಹೊಟ್ಟು ಬೇಕಿದ್ರೆ ನಂಗೆ ಹೇಳ್ಬಾರ್ದಿತ್ತಾ? ಕದ್ದು ಯಾಕೆ ಒಯ್ದ್ರಿ? ಮೇಲೆ ನನ್ ಗಾಡೀನೇ ಸರಿ ಇಲ್ಲ ಅಂತ ಮಾರಾಕೆ ಹೊಂಟ್ರಲ್ಲ!"

ಬೇಕೆಂದೇ ಮಾಡಿದ್ದಲ್ಲ, ಹೊಟ್ಟು ಒಳಗೆ ಹೋಗುತ್ತದೆಂದು ಗೊತ್ತಿರಲಿಲ್ಲ ಎಂದರು. ಅದು ಸುಳ್ಳಲ್ಲ, ನನಗೆ ಗೊತ್ತು. ಹಾಗಾದರೆ ಇನ್ನೇನು, ಗಾಡಿ ಸರಿಯಿದೆ, ನಾಳೆ ಬರುವವನಿಗೆ ಬೇಡ ಅನ್ನಿ ಎಂದೆ. ಅವರು ತಲೆಯ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ನನ್ನ ಕಡೆ ನೋಡದೆ ಹೇಳಿದರು.

"ನೀ ಓಡಿಸ್ತೀಯ, ನಾ ಪಕ್ಕದಾಗೆ ಕೂತಿರ್ತೀನಿ. ಹೋಟ್ಲಾಗೆ ಕೇಳ್ತಾರೆ ಕಣೆ, ಕಾಲು ಹೋಗಿರಾದು ಯಾರಿಗಪ್ಪಾ, ಅವಳಿಗಾ ನಿಂಗಾ ಅಂತ. ದಿನಾ ಕೇಳ್ತಾರೆ. ಬೆಳಿಗ್ಗೆ ಊರ ಮುಂದೆ ಒಂದೀಟು ಓಡಿಸಿದ್ರೆ ನಾಲ್ಕು ಜನ ನೋಡ್ತಾರೆ ಅಂತ..." ಅಲ್ಲಿಗೆ ನಿಲ್ಲಿಸಿದರು.

ಇಷ್ಟು ತಿಂಗಳು ನಾನು ಪೈಪು, ಕ್ಲಿಪ್ಪು, ಆಯಿಲ್ ಎಂದು ಒದ್ದಾಡಿದ್ದೇನೆ. ದೀಪ ಹತ್ತುವುದೊಂದು ನಿಂತರೆ ಎಲ್ಲ ಸರಿಹೋಗುತ್ತದೆ ಎಂದೇ ನಂಬಿದ್ದೆ. ಇವರಿಗೆ ಆ ದೀಪ ಹತ್ತಿದಾಗಲೇ ಸಮಾಧಾನವಾಗುತ್ತಿತ್ತು. ಸಿಟ್ಟು ಬಂತು. ಅಯ್ಯೋ ಅನ್ನಿಸಿತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ಯಾರೂ ನನಗೆ ಹೇಳಿಕೊಟ್ಟಿಲ್ಲ.

"ನಂಗೆ ಚಿಕ್ಕಂದಿನಿಂದ ಕೇಳ್ತಾರೆ," ಎಂದಷ್ಟೇ ಹೇಳಿ ಜಾಲರಿಗೆ ಸ್ಕ್ರೂ ಹಾಕಿದೆ.

ಸೋಮವಾರ ಬೆಳಿಗ್ಗೆ ನಾನು ಯಾರಿಗೂ ಕಾಯಲಿಲ್ಲ. ಆನವಟ್ಟಿಯಲ್ಲಿ ಒಬ್ಬರು ಟಗರು ಕೇಳಿದ್ದರು, ಟ್ರಾಲಿ ಕಟ್ಟಿದೆ. ಟಗರು ಹತ್ತಿಸಲು ಯಜಮಾನರೇ ಬಂದರು, ಕೊಂಬು ಹಿಡಿದು ಒಂದೊಂದಾಗಿ ಹತ್ತಿಸಿದರು. ಬಾಗಿಲ ಚಿಲಕ ಹಾಕಿದ ಮೇಲೆ ಮುಂದೆ ಬರಲಿಲ್ಲ. ಟಗರುಗಳ ನಡುವೆಯೇ ಹತ್ತಿ ನಿಂತುಕೊಂಡರು.

"ಮುಂದೆ ಬರ್ರೀ, ಅಲ್ಲೇನು ಮಾಡ್ತೀರಿ?"

"ಟಗರು ಗುದ್ದಾಡ್ತಾವೆ. ನೀ ನಡಿ."

ಶಿರಾಳಕೊಪ್ಪ ದಾಟಿತು, ಏರುಗಳು ಬಂದವು, ಹೋದವು. ಸೀದ ವಾಸನೆ ಇಲ್ಲ, ದೀಪ ಇಲ್ಲ. ಜೀಪು ಇಷ್ಟು ಸಲೀಸಾಗಿ ಭಾರ ಎಳೆದದ್ದು ಅದೇ ಮೊದಲು. ಕನ್ನಡಿಯಲ್ಲಿ ಅವರು ಕಾಣುತ್ತಿದ್ದರು. ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು, ಒಂದು ಟಗರಿನ ಕೊಂಬು ಹಿಡಿದು ನಿಂತಿದ್ದರು. ಎದುರಿಗೆ ಬಂದ ಬೈಕಿನವರು ಯಾರೋ ಅವರಿಗೆ ಕೈ ಎತ್ತಿದರು, ಅವರೂ ಎತ್ತಿದರು.

ಆನವಟ್ಟಿ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಟ್ರಾಲಿಯ ತಗಡು ಬಡಿದ ಸದ್ದಾಯಿತು. ನಿಲ್ಲಿಸಿದೆ. ಅವರು ಇಳಿದು ನನ್ನ ಕಿಟಕಿಯ ಹತ್ತಿರ ಬಂದರು. ಬಟ್ಟೆಯೆಲ್ಲ ಟಗರಿನ ಕೂದಲು.

"ಶಿಕಾರಿಪುರದವ್ನಿಗೆ ಬೆಳಿಗ್ಗೇನೇ ಫೋನ್ ಮಾಡಿದೆ. ಗಾಡಿ ಕೊಡಾದಿಲ್ಲ, ನಮ್ಮನೇಲಿ ಅವಳಿಗೆ ಬೇಕು ಅಂದೆ," ಎಂದರು. ನಾನು ಏನೋ ಹೇಳಲು ಹೊರಟೆ. ಅವರು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. "ನೀ ಹೋಗಿರು. ಪೇಟೆಯಾಗೆ ಜನ ನೋಡ್ತಾರೆ, ನಾ ಇಲ್ಲಿಂದ ನಡ್ಕಂಡು ಬರ್ತೀನಿ."

ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ರಸ್ತೆಯ ಬದಿಯಲ್ಲಿ ನಡೆಯತೊಡಗಿದರು. ನಾನು ಇಂಜಿನ್ ಆರಿಸದೆ ಕೂತಿದ್ದೆ. ಜೀಪು ನನಗೇ ಉಳಿಯಿತು, ಕುಣಿಯಬೇಕಿತ್ತು ನಾನು. ಅಳು ಒತ್ತರಿಸಿಕೊಂಡು ಬಂತು. ಪಕ್ಕಕ್ಕೆ ಓಡಿಸಿಕೊಂಡು ಹೋಗಿ ಹಾರನ್ ಒತ್ತಿದೆ, ಹತ್ತಿಕೊಳ್ಳಿ ಎಂದು ಬಾಗಿಲು ತೆರೆದೆ. ಅವರು ತಿರುಗಿ ನಕ್ಕರು, ಮುಂದೆ ಹೋಗು ಎಂದು ಕೈ ಬೀಸಿದರು. ಬಾಗಿಲು ಹಾಕಿಕೊಂಡು ಆನವಟ್ಟಿಗೆ ನಾನೊಬ್ಬಳೇ ಹೋದೆ.