ಕಿವಿಯ ಹತ್ತಿರ ಅಲ್ಲಾಡಿಸಿದ ಕ್ಯಾಮೆರಾ

ಕ್ಯಾಮೆರಾ ಬೇಕೆಂದದ್ದು ನನ್ನ ಹೆಂಡತಿ. ಬೇಡವೆನ್ನಲು ಕಾರಣ ಹುಡುಕುತ್ತಾ ಕೂತವನು ನಾನು. ಆಕೆ ಜಾವಗಲ್ಲಿನ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಪಾಠದ ಪುಸ್ತಕದಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ಚಿತ್ರ ಮಸಿ ಮೆತ್ತಿದ ಹಾಗಿದೆಯಂತೆ. ನಮ್ಮೂರಿನ ಆಕಾಶದಲ್ಲೇ ಅದರ ಫೋಟೊ ತೆಗೆದು ಮಕ್ಕಳಿಗೆ ತೋರಿಸಬೇಕು, ಮನೆಯ ಹಬ್ಬಕ್ಕೂ ಅಂಗಳದ ಹಕ್ಕಿಗೂ ಅದೇ ಕ್ಯಾಮೆರಾ ಆಗಬೇಕು, ಬೆಲೆ ಕೈಗೆಟುಕಬೇಕು. ಇಷ್ಟೇ ಆಸೆ. ಇಷ್ಟಕ್ಕೆ ನಾನು ಒಂದು ವರ್ಷ ತೆಗೆದುಕೊಂಡೆ.

ಹೊಸದು ನೋಡಿದರೆ ಇಷ್ಟು ಕಡಿಮೆಗೆ ಯಾಕೆ ಕೊಡುತ್ತಾರೆಂಬ ಅನುಮಾನ. ಹಳೆಯದು ನೋಡಿದರೆ ಯಾಕೆ ಮಾರುತ್ತಾರೆಂಬ ಅನುಮಾನ. ಮೊಬೈಲಿನ ವಿಡಿಯೊದಲ್ಲಿ ಸಲಹೆ ಕೊಡುವವನು ನಕ್ಕರೆ ಇವನಿಗೆಷ್ಟು ಕಮಿಷನ್ ಎಂಬ ಅನುಮಾನ. ಅಷ್ಟರಲ್ಲಿ ಬೇಸಿಗೆ ಬಂತು, ಮಹಾವ್ಯಾಧ ಪಡುವಣಕ್ಕಿಳಿದು ಮರೆಯಾದ.

ಈ ವರ್ಷ ಅವನು ಮತ್ತೆ ಸಂಜೆಯ ಆಕಾಶಕ್ಕೆ ಬಂದಾಗ ಹೆಂಡತಿ, "ಈ ಸಲಾನೂ ಹೋದ್ರೆ ನಾನಿನ್ನು ಕೇಳಲ್ಲ ಬಿಡಿ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಹಳೇಬೀಡಿನ ದೇವಸ್ಥಾನದ ಮುಂದೆ ಪ್ರವಾಸಿಗಳ ಫೋಟೊ ತೆಗೆದು ಬದುಕಿದ ಹಿರಿಯರೊಬ್ಬರು ಕ್ಯಾಮೆರಾ ಮಾರುವ ಸುದ್ದಿಯನ್ನು ಆಕೆಯೇ ಪತ್ತೆ ಮಾಡಿದಳು. ಭಾನುವಾರ ಬಸ್ಸು ಹತ್ತಿದೆವು. ಬಸ್ತಿಹಳ್ಳಿಗೆ ಹೋಗುವ ದಾರಿಯಲ್ಲಿ ಅವರ ಮನೆ. ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಕ್ಯಾಮೆರಾವನ್ನು ಮೇಜಿನ ಮೇಲೆ ಇಟ್ಟರು.

"ಯಾಕೆ ಮಾರ್ತಾ ಇದೀರಾ?" ಎಂದೆ.

"ಎಲ್ಲರ ಕೈಯಾಗೂ ಫೋನ್ ಐತಲ್ಲ ಯಜಮಾನ್ರೇ. ನನ್ಯಾರು ಕರೀತಾರೆ?"

"ಯಾವತ್ತಾದ್ರೂ ಕೆಳಗೆ ಬಿದ್ದಿದೆಯಾ?"

"ಒಂದ್ಸಲ ಬಿದ್ದೈತೆ. ನೀವು ಎಷ್ಟು ಸಲ ಬಿದ್ದಿದ್ದೀರಿ?"

ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾನು ಜಗ್ಗಲಿಲ್ಲ. ಮುಚ್ಚಳ ಹಾಕಿಯೇ ಒಂದು ಫೋಟೊ ತೆಗೆಯಿರಿ, ಕಪ್ಪು ಚಿತ್ರದಲ್ಲಿ ಕೆಂಪು ಚುಕ್ಕೆ ಕಂಡರೆ ಒಳಗೆ ದೋಷವಿದೆ ಎಂದು ಓದಿದ್ದೇನೆ ಎಂದೆ.

"ಮುಚ್ಚಳ ಹಾಕ್ಕೊಂಡು ಯಾರಾದ್ರೂ ಫೋಟೊ ತೆಗೀತಾರಾ!" ಎನ್ನುತ್ತಲೇ ತೆಗೆದು ತೋರಿಸಿದರು. ಪೂರಾ ಕಪ್ಪು. ಅಷ್ಟು ಕಪ್ಪಾಗಿದ್ದದ್ದೂ ಸರಿಯೆನಿಸಲಿಲ್ಲ.

ಆಮೇಲೆ ಆದದ್ದಕ್ಕೆ ನನ್ನ ಕೈ ಕಾರಣ. ನಮ್ಮದು ಕೊಬ್ಬರಿ ವ್ಯಾಪಾರದ ಮನೆತನ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಗಡಗಡ ಎಂದರೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆ, ಅರಸೀಕೆರೆ ಮಾರುಕಟ್ಟೆಗೆ ಒಯ್ಯಬಹುದು. ಬುದ್ಧಿಗಿಂತ ಮೊದಲು ಕೈ ಕ್ಯಾಮೆರಾವನ್ನು ಎತ್ತಿ ಕಿವಿಗೆ ಹಿಡಿದು ಎರಡು ಸಲ ಜೋರಾಗಿ ಅಲ್ಲಾಡಿಸಿತು.

ಗಡಗಡ ಎಂದಿತು.

ಒಂದು ಕ್ಷಣ ಒಳ್ಳೆಯ ಮಾಲು ಎಂದು ಖುಷಿಪಟ್ಟೆ. ಮರುಕ್ಷಣ ಕೈಯಲ್ಲಿರುವುದು ಕ್ಯಾಮೆರಾ ಎಂದು ಹೊಳೆಯಿತು. "ಏನೋ ಕಳಚಿಕೊಂಡಿದೆ! ಮೋಸ ಮಾಡ್ತಾ ಇದೀರಾ?"

ಹಿರಿಯರು ಎದ್ದು ನನ್ನ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡರು. "ಕಾಯಿ ಅಂದ್ಕೊಂಡ್ರಾ ಸ್ವಾಮಿ ಇದನ್ನ? ಕೈ ನಡುಗಿದ್ರೂ ಚಿತ್ರ ಅಲುಗಬಾರ್ದು ಅಂತ ಲೆನ್ಸಿನೊಳಗೊಂದು ಗಾಜು ಐತೆ. ಆಫ್ ಮಾಡಿದಾಗ ಅದು ಸದ್ದು ಮಾಡೋದೇಯ. ನಿಮ್ಗೆ ಕೊಡಲ್ಲ ಬುಡಿ." ಪಂಚೆಯಲ್ಲಿ ಮತ್ತೆ ಸುತ್ತತೊಡಗಿದರು.

ಹೆಂಡತಿ ನನ್ನನ್ನು ಬೈಯಲಿಲ್ಲ. ಆ ಪಂಚೆಯ ಗಂಟನ್ನೇ ನೋಡುತ್ತಾ ಕೂತಳು. ಇನ್ನು ಕೇಳಲ್ಲ ಎಂದಾಗಲೂ ಮುಖ ಹೀಗೇ ಇತ್ತು.

"ತಪ್ಪಾಯ್ತು. ಫೋಟೊ ತೆಗೆಯೋಳು ಅವಳು, ನಾನಲ್ಲ. ನಾನು ಆಚೆ ಇರ್ತೀನಿ, ಅವಳ ಹತ್ರ ಮಾತಾಡಿ" ಎಂದು ಹೊರಗೆ ಹೋದೆ. ಎಳನೀರಿನ ಗಾಡಿಯ ಹತ್ತಿರ ನಿಂತು, ಗಾಡಿಯವನು ಹಳೇ ಕಾಯಿ ಕೊಟ್ಟನೇನೋ ಎಂದುಕೊಂಡೇ ಕುಡಿದೆ. ಅರ್ಧ ಗಂಟೆಯಾದ ಮೇಲೆ ಆಕೆ ಕೊರಳಿಗೆ ಚೀಲ ನೇತುಹಾಕಿಕೊಂಡು ಬಂದಳು.

"ಕೊಟ್ರಾ?"

"ಕೊಟ್ರು. ಷರತ್ತಿದೆ. ನೀವು ಮುಟ್ಟಬಾರ್ದಂತೆ."

ಅದೇ ಸಂಜೆ ಏಳೂವರೆಗೆ ನಮ್ಮ ಮಾಳಿಗೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿದಳು. ಸ್ಟ್ಯಾಂಡಿನ ಮೇಲಿಟ್ಟಾಗ ಆ ಗಡಗಡ ಗಾಜಿನ ಕೆಲಸ ಬೇಡವೆಂದು ಹಿರಿಯರು ಹೇಳಿಕೊಟ್ಟಿದ್ದರಂತೆ. ಲೆನ್ಸಿನ ಪಕ್ಕದ ಗುಂಡಿ ಸರಿಸಿ ಅದನ್ನು ನಿಲ್ಲಿಸಿದಳು. ಕತ್ತಲಲ್ಲಿ ಬೆಳಕು ಹಿಡಿಯಲು ಅದಕ್ಕೆ ಹತ್ತು ಸೆಕೆಂಡು ಬೇಕಂತೆ, ಉಸಿರು ಹಿಡಿದು ಕಾದೆವು. ಪರದೆಯ ಮೇಲೆ ಮಹಾವ್ಯಾಧ ಮೂಡಿದ. ನಡುವೆ ಸಾಲಾಗಿ ಮೂರು ಚುಕ್ಕಿ, ಒಂದು ಮೂಲೆಯಲ್ಲಿ ಕೆಂಪು.

"ನೋಡಿದ್ಯಾ! ಕೆಂಪು ಚುಕ್ಕೆ! ನಾನು ಹೇಳಿರ್ಲಿಲ್ವಾ?"

"ಮೇಲೆ ನೋಡ್ರೀ." ನನ್ನ ಗದ್ದ ಹಿಡಿದು ಎತ್ತಿದಳು. ಆಕಾಶದಲ್ಲೂ ಅದೇ ಜಾಗದಲ್ಲಿ ಅದೇ ಕೆಂಪು. "ಆರಿದ್ರಾ ನಕ್ಷತ್ರ ಅದು. ಇಳಿಸಿಕೊಡ್ಲಾ? ಅಲ್ಲಾಡಿಸಿ ನೋಡ್ತೀರಾ?"

ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಷರತ್ತು ಮರೆತವಳ ಹಾಗೆ, "ಬನ್ನಿ, ಇನ್ನೊಂದು ನೀವೇ ತೆಗೀರಿ. ಒತ್ತಿ ಕೈ ಬಿಡಿ, ಎರಡು ಸೆಕೆಂಡು ಬಿಟ್ಟು ತಾನೇ ತೆಗೆಯುತ್ತೆ" ಎಂದಳು.

ಒತ್ತಿದೆ. ಆ ಎರಡು ಸೆಕೆಂಡು ಅದು ಒಳಗೆ ಏನು ಮಾಡುತ್ತಿರುತ್ತದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.