ಎಳ್ಳು ಹೋಳಿಗೆ ಬೇಡವೆಂದ ಹುಡುಗ

ಇದು ಎರಡು ವರ್ಷಗಳ ಹಿಂದೆ, ಸಂಕ್ರಾಂತಿ ಮುಗಿದ ವಾರದಲ್ಲಿ ನಡೆದದ್ದು. ಅಥಣಿ ತಾಲ್ಲೂಕಿನ ತೆಲಸಂಗದಲ್ಲಿರುವ ನಮ್ಮ ಮನೆಗೆ ಸ್ಕಾಟ್ಲೆಂಡಿನಿಂದ ಹೆಲೆನ್ ಎಂಬ ಹೆಣ್ಣುಮಗಳು ತನ್ನ ಆರು ವರ್ಷದ ಮಗ ಜೇಮಿಯನ್ನು ಕರೆದುಕೊಂಡು ಬಂದು ಮೂರು ದಿನ ಇದ್ದಳು. ಆಕೆ ಅಲ್ಲಿ ಉಣ್ಣೆ ನೇಯುವವಳು. ನಮ್ಮ ಕಡೆಯ ಕುರಿ, ಕಂಬಳಿ ನೋಡಬೇಕೆಂಬ ಆಸೆ ಅವಳಿಗೆ. ನಮ್ಮದು ಒಕ್ಕಲುತನದ ಜೊತೆ ಕುರಿ ಸಾಕುವ ಮನೆತನ. ಮೇಲಾಗಿ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಬೆಳಗಾವಿಯಲ್ಲಿ ನನಗೆ ಬಿ.ಎಡ್. ಪಾಠ ಹೇಳಿದ್ದ ಮೇಡಂ ಇಷ್ಟು ಸಾಕೆಂದು ಅವರನ್ನು ನಮ್ಮ ಮನೆಗೇ ಕಳಿಸಿದ್ದರು.

ಬರುವ ಮುಂಚೆಯೇ ಹೆಲೆನ್ ಫೋನಿನಲ್ಲಿ ಒಂದು ಮಾತು ಹೇಳಿದ್ದಳು. ಜೇಮಿಗೆ ಶೇಂಗಾ ಆಗುವುದಿಲ್ಲ, ಚೂರು ಹೊಟ್ಟೆಗೆ ಹೋದರೂ ಮೈಯೆಲ್ಲ ಬಾತು ಉಸಿರು ಕಟ್ಟುತ್ತದೆ, ಎರಡು ವರ್ಷದವನಿದ್ದಾಗ ಒಮ್ಮೆ ಬದುಕಿ ಉಳಿದದ್ದೇ ಹೆಚ್ಚು ಎಂದು. ಅತ್ತೆಯವರಿಗೆ ಇದನ್ನು ಹೇಳಿದಾಗ ಮೊದಲು ನಕ್ಕರು.

"ಶೇಂಗಾ ತಿಂದು ಯಾರರ ಸಾಯ್ತಾರೇನ ಸವಿತಾ? ನಮ್ಮ ಹುಡುಗ್ರು ಕಿಸೆ ತುಂಬ ಹಾಕ್ಕೊಂಡ ಸಾಲಿಗೆ ಹೋಗ್ತಾವು."

ಆದರೆ ನಾನು ಖಡಕ್ಕಾಗಿ ಹೇಳಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಬರಣಿ, ಹಬ್ಬಕ್ಕೆ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ, ಒಗ್ಗರಣೆಯ ಶೇಂಗಾ ಎಣ್ಣೆ ಎಲ್ಲವನ್ನೂ ಪಕ್ಕದ ಮನೆಯ ಕಾಕುವಿನ ಅಡುಗೆಮನೆಗೆ ಸಾಗಿಸಿದರು. ಹಂಚು, ಬುಟ್ಟಿಗಳನ್ನು ಬೂದಿ ಹಾಕಿ ತಿಕ್ಕಿದರು. ಅಂಗಡಿಯಿಂದ ಬೇರೆ ಎಣ್ಣೆ ತರಿಸಿದರು. ನಮ್ಮ ಅಡುಗೆಮನೆ ಆಗ ಹೊಸದಾಗಿ ಬಾಡಿಗೆಗೆ ಬಂದವರ ಮನೆಯಂತೆ ಖಾಲಿ ಖಾಲಿ ಕಾಣುತ್ತಿತ್ತು.

ತಾಯಿ ಮಗ ಬಂದರು. ಮೊದಲ ದಿನವೇ ಆ ಹುಡುಗನ ರೀತಿ ನಮಗೆಲ್ಲ ವಿಚಿತ್ರ ಅನ್ನಿಸಿತು. ನೀರು ಕೊಟ್ಟರೆ ಥ್ಯಾಂಕ್ಯೂ, ಚಾಪೆ ಹಾಸಿದರೆ ಥ್ಯಾಂಕ್ಯೂ. "ಮನ್ಯಾಗ ನೀರ್ ಕೊಟ್ಟದ್ದಕ್ಕ ಎಂಥ ಥ್ಯಾಂಕ್ಯೂ?" ಎಂದು ಅತ್ತೆ ಕೇಳಿದರು. ಅಷ್ಟೇ ಸಲೀಸಾಗಿ ಅವನು "ನೋ" ಎಂದೂ ಹೇಳುತ್ತಿದ್ದ. ಎರಡನೆಯ ರೊಟ್ಟಿ ಬೇಕೇನೋ ಎಂದರೆ ನೋ. ತಲೆಗೆ ಎಣ್ಣೆ ಹಚ್ಚಲೇ ಎಂದರೆ ನೋ. ಅತ್ತೆ ನಮ್ಮ ರೂಢಿಯಂತೆ ಕೇಳಿಯೂ ಕೇಳದವರ ಹಾಗೆ ರೊಟ್ಟಿ ಹಾಕಿಯೇ ಬಿಟ್ಟರು. ನಮ್ಮ ಕಡೆ ಊಟಕ್ಕೆ ಕೂತವರು ಬೇಡ ಎಂದರೆ ಇನ್ನೂ ಎರಡು ಸಲ ಕೇಳು ಎಂದೇ ಅರ್ಥ. ಮೊದಲ ಸಲಕ್ಕೇ ಹೂಂ ಎನ್ನುವವನನ್ನು ಹೊಟ್ಟೆಬಾಕ ಅಂದುಕೊಳ್ಳುತ್ತೇವೆ. ಹುಡುಗ ಆ ರೊಟ್ಟಿಯನ್ನು ಮುಟ್ಟಲಿಲ್ಲ. ಎದ್ದು ತನ್ನ ತಾಟನ್ನು ತಾನೇ ಎತ್ತಿಕೊಂಡು ಹೋಗಿ ಬಚ್ಚಲಲ್ಲಿಟ್ಟ. ಹೆಲೆನ್ ಅವನನ್ನು ಗದರಲೇ ಇಲ್ಲ. "ಅವನ ಹೊಟ್ಟೆ ಅವನಿಗೆ ಗೊತ್ತು" ಎಂದಳು.

ನನ್ನ ಮಗಳು ಅಮೃತಾಗೆ ಆಗ ಎಂಟು ವರ್ಷ. ಅವಳಿಗೆ ಅತ್ತೆಯವರು ಇನ್ನೂ ಕೈತುತ್ತು ಹಾಕುತ್ತಿದ್ದರು. ಕೆನೆ ಹಾಲು ಅವಳಿಗೆ ಸೇರುತ್ತಿರಲಿಲ್ಲ, ಆದರೂ ದಿನಾ ಸಂಜೆ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದಳು. ಹಿರಿಯರು ಕೊಟ್ಟದ್ದನ್ನು ಕಮಕ್ ಕಿಮಕ್ ಎನ್ನದೆ ತಿನ್ನುವ ಮಗು ಎಂದು ಓಣಿಯಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ನಾನು ಒಳಗೊಳಗೇ ಇಬ್ಬರನ್ನೂ ತೂಗಿ ನೋಡುತ್ತಿದ್ದೆ. ನನ್ನ ಮಗಳ ಕಡೆಯೇ ತಕ್ಕಡಿ ವಾಲುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹೆಲೆನ್ ನಮ್ಮ ಮನೆಯವರ ಬೈಕಿನಲ್ಲಿ ಹೊಲಕ್ಕೆ, ಕುರಿ ಹಿಂಡು ನೋಡಲು ಹೋದಳು. ಜೇಮಿ ಅಮೃತಾಳ ಜೊತೆ ಅಂಗಳದಲ್ಲಿ ಆಡುತ್ತೇನೆಂದು ಉಳಿದುಕೊಂಡ. ಹೋಗುವ ಮುಂಚೆ ಹೆಲೆನ್ ಒಂದು ಹಳದಿ ಚೀಲ ನನ್ನ ಕೈಗೆ ಕೊಟ್ಟು, ಅದರಲ್ಲಿದ್ದ ಸಿರಪ್ಪನ್ನೂ ಪೆನ್ನಿನಂಥ ಇಂಜೆಕ್ಷನ್ನನ್ನೂ ತೋರಿಸಿ, ತೊಡೆಗೆ ಹೇಗೆ ಚುಚ್ಚಬೇಕೆಂದು ಎರಡು ಸಲ ಹೇಳಿಕೊಟ್ಟಳು. ನಾನು ಆಯಿತು ಆಯಿತು ಎಂದು ತಲೆಯಾಡಿಸಿದೆ.

ಅತ್ತ ಒಳಗೆ ಅತ್ತೆಯವರು ಬೆಳಗಿನಿಂದ ಆ ಹುಡುಗನಿಗೆಂದೇ ಎಳ್ಳು ಹೋಳಿಗೆ ಮಾಡುತ್ತಿದ್ದರು. ಮರುದಿನ ಹೊರಡುವ ಮಗು ಈ ಮನೆಯ ಸಿಹಿ ತಿನ್ನದೆ ಹೋಗಬಾರದು ಎಂಬುದು ಅವರ ಹಟ. ಬಿಸಿ ಹೋಳಿಗೆಗೆ ತುಪ್ಪ ಹಾಕಿಕೊಂಡು ಅಂಗಳಕ್ಕೆ ಬಂದು, ಒಂದು ತುಂಡು ಮುರಿದು ಅವನ ಬಾಯಿಯ ಹತ್ತಿರ ಹಿಡಿದರು. ಅವನು ಹಿಂದೆ ಸರಿದು ನೋ ಎಂದ. ಇನ್ನೊಮ್ಮೆ ಹಿಡಿದರು. ಮತ್ತೆ ನೋ. ಮೂರನೆಯ ಸಲವೂ ಅದೇ. ಅತ್ತೆಯವರ ಮೋರೆ ಸಣ್ಣದಾಯಿತು.

"ನನ್ನ ಕೈಯಾಂದ ತಿನ್ನಂಗಿಲ್ಲ ಅಂದ್ರ ಬಿಡಲಿ ಬಿಡು. ಮೂರ ದಿನದಿಂದ ನೋಡಾಕತ್ತೇನಿ, ನನ್ನ ಕೈ ಅವಗ ಹೊಲಸ ಕಾಣ್ತೈತಿ," ಎಂದು ಕಟ್ಟೆಯ ಮೇಲೆ ಕೂತುಬಿಟ್ಟರು.

ನನಗೆ ಸಿಟ್ಟು ಬಂತು. ಎಪ್ಪತ್ತು ದಾಟಿದ ಜೀವ ಬೆಳಗಿನಿಂದ ಒಲೆಯ ಮುಂದೆ ಕೂತು ಮಾಡಿದ್ದನ್ನು ಈ ಪೋರ ಬೇಡ ಅನ್ನುವುದೆಂದರೇನು? ನಾನು ಅವನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. ಇದರಲ್ಲಿ ಎಳ್ಳು ಬೆಲ್ಲ ಅಷ್ಟೇ ಇದೆ, ಶೇಂಗಾ ಇಲ್ಲ, ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು, "ನೀವು ಮಾಡಿದಿರಾ?" ಎಂದ. ಇಲ್ಲ, ಅಜ್ಜಿ ಮಾಡಿದ್ದು ಎಂದೆ. "ಹಾಗಾದರೆ ಅಜ್ಜಿಯನ್ನು ಕೇಳಿ" ಎಂದ. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಕಣ್ಣಲ್ಲೇ ಕೂರಿಸುವ ನನಗೆ ಈ ಚೋಟುದ್ದದ ಹುಡುಗ ಎದುರು ಮಾತಾಡಿದ್ದು ಹಿಡಿಸಲಿಲ್ಲ. ಅಮೃತಾಗೆ ಜ್ವರ ಬಂದಾಗ ಮಾತ್ರೆ ನುಂಗಿಸುವ ಹಾಗೆ, ಕಾಗೆ ಬಂತು, ಗುಬ್ಬಿ ಬಂತು ಎಂದು ನಗಿಸುತ್ತಾ ಒಂದು ಕೈಯಲ್ಲಿ ಗದ್ದ ಹಿಡಿದು, ಇನ್ನೊಂದು ಕೈಯಿಂದ ತುಂಡನ್ನು ತುಟಿಗೆ ಒತ್ತಿದೆ. ಅವನು ಕೊಸರಿಕೊಂಡು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ. ಕಣ್ಣಲ್ಲಿ ನೀರಿತ್ತು, ಆದರೆ ಅಳಲಿಲ್ಲ. ಬೆರಳ ಸಂದಿಯಿಂದಲೇ, "ಅಜ್ಜಿಯನ್ನು ಕೇಳಿ" ಎಂದ.

ಕೇಳಿದ ಶಾಸ್ತ್ರವಾದರೂ ಆಗಲಿ ಎಂದು ನಾನು ತಿರುಗಿ ಕೇಳಿದೆ. "ಅತ್ಯಾ, ಇದಕ್ಕ ಏನೇನ್ ಹಾಕೀರಿ ಹೇಳ್ರಿ."

"ಏನ್ ಹಾಕ್ತಾರ? ಎಳ್ಳ, ಬೆಲ್ಲ, ಯಾಲಕ್ಕಿ," ಎಂದು ಅತ್ತೆ ಬೆರಳು ಮಡಿಚಿದರು. "ಮತ್ತ ಮೆತ್ತಗ ಆಗಲಿ ಅಂತ ಎರಡ ಹಿಡಿ ಶೇಂಗಾ ಪುಡಿ. ಬರೇ ಎಳ್ಳಿಂದ ಮಾಡಿದ್ರ ಕಹಿ ಆಗ್ತೈತಿ."

ಹೇಳಿದ ಮೇಲೆಯೇ ಅವರಿಗೂ ಅದು ಕಿವಿಗೆ ಬಿದ್ದಿರಬೇಕು. ಮಡಿಚಿದ ಬೆರಳು ಹಾಗೆಯೇ ನಿಂತಿತು. ನಮ್ಮ ಕಡೆಯ ಹೆಂಗಸರಿಗೆ ಶೇಂಗಾ ಎಂದರೆ ಶೇಂಗಾ ಹಿಂಡಿ, ಶೇಂಗಾ ಹೋಳಿಗೆ. ಪಲ್ಯಕ್ಕೋ ಹೂರಣಕ್ಕೋ ಬೆರೆಸುವ ಪುಡಿ ಉಪ್ಪಿದ್ದ ಹಾಗೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಬ್ಬಿಗಟ್ಟಲೆ ಶೇಂಗಾವನ್ನು ಆಚೆ ಮನೆಗೆ ಸಾಗಿಸಿದ ಅತ್ತೆಯವರು, ಇಷ್ಟು ಪುಡಿಯನ್ನು ಅದೇ ಕಾಕುವಿನ ಮನೆಯಿಂದ ತಾವೇ ಹೋಗಿ ತಂದಿದ್ದರು.

ನನ್ನ ಕೈಯಲ್ಲಿದ್ದ ತುಂಡು ಕೆಳಗೆ ಬಿತ್ತು. ಹುಡುಗನ ಕೈ ಸರಿಸಿ ನೋಡಿದರೆ ಕೆಳತುಟಿಗೆ ಹೂರಣ ಮೆತ್ತಿಕೊಂಡಿತ್ತು. ಅವನನ್ನು ಎತ್ತಿಕೊಂಡು ಬಚ್ಚಲಿಗೆ ಓಡಿ, ಬಾಯಿ ತೆರೆಯಬೇಡ ಎಂದು ತುಟಿ ಉಜ್ಜಿ ಉಜ್ಜಿ ತೊಳೆದೆ. ಗಾಬರಿಯಲ್ಲಿ ಆ ಹಳದಿ ಚೀಲ ನೆನಪಿಗೇ ಬರಲಿಲ್ಲ. ಅಮೃತಾ ತಾನಾಗಿಯೇ ಫೋನು ತಂದು ತನ್ನ ಅಪ್ಪನಿಗೆ ಹಚ್ಚಿದಳು. ಹೆಲೆನ್ ಬರುವಷ್ಟರಲ್ಲಿ ತುಟಿ ಜೇನುಹುಳ ಕಡಿದವರ ತುಟಿಯಂತೆ ಊದಿತ್ತು. ಅವಳು ಚೀಲ ಬಿಚ್ಚಿ ಸಿರಪ್ಪು ಕುಡಿಸಿ, ಇಂಜೆಕ್ಷನ್ ಕೈಯಲ್ಲಿ ಹಿಡಿದುಕೊಂಡು, "ಆಸ್ಪತ್ರೆಗೆ ಹೋಗೋಣ" ಎಂದಳು.

ಅಥಣಿಗೆ ಮುಕ್ಕಾಲು ಗಂಟೆಯ ದಾರಿ. ಪಕ್ಕದ ಮನೆಯ ಕಾಕಾ ತಮ್ಮ ಜೀಪು ತಂದು ನಿಲ್ಲಿಸಿದರು. ನಾವು ಹತ್ತಿದೆವು, ಬರಿಗಾಲಲ್ಲೇ ಅತ್ತೆ ಹತ್ತಿದರು, ಕಾಕು ಹತ್ತಿದರು, ಓಣಿಯ ಇನ್ನೂ ಮೂವರು ಹತ್ತಿದರು. ಯಾರನ್ನೂ ಯಾರೂ ಕರೆದಿರಲಿಲ್ಲ. ದಾರಿಯುದ್ದಕ್ಕೂ ಹೆಲೆನ್ ಮಗನ ಉಸಿರನ್ನೇ ಎಣಿಸುತ್ತಿದ್ದಳು. ನಾನು ಅವನ ತುಟಿಯ ಮೇಲಿಂದ ಕಣ್ಣು ಕೀಳಲಿಲ್ಲ. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಪಕ್ಕದಲ್ಲಿ ಕೂತ ಅತ್ತೆಯವರು ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು.

"ತಿನ್ನಿಸಾಕ ಹೋದಾಕಿ ನಾ ಅಂತ ಹೇಳು. ನೀ ಸಾಲಿ ಟೀಚರ್, ನಿನ್ನ ಹೆಸರ ಕೆಡಬಾರದು. ನಂದೇನ, ತಿಳೀದ ಮುದುಕಿ ಅಂತಾರ, ಅನ್ನಲಿ."

ನಾನು ಅವರ ಕೈ ಹಿಡಿದುಕೊಂಡೆ.

ಡಾಕ್ಟರು ಪರೀಕ್ಷೆ ಮಾಡಿ, ಒಳಗೆ ಹೋದ ಹಾಗಿಲ್ಲ, ತುಟಿಗಷ್ಟೇ ತಾಗಿದೆ, ಆದರೂ ಎರಡು ಮೂರು ತಾಸು ಇಲ್ಲೇ ಇರಲಿ ಎಂದರು. ಆ ತಾಸುಗಳು ಹೇಗೆ ಕಳೆದವೋ ಗೊತ್ತಿಲ್ಲ. ಕಾಕು ಯಾರ ಮನೆಯಿಂದಲೋ ಚಹಾ ಹೊಂದಿಸಿ ತಂದರು. ಕಾಕಾ ಬಾಗಿಲಲ್ಲೇ ನಿಂತಿದ್ದರು. ಅತ್ತೆಯವರು ಗುಟುಕು ನೀರನ್ನೂ ಮುಟ್ಟಲಿಲ್ಲ. ಇಳಿಹೊತ್ತಿಗೆ ತುಟಿ ಮೊದಲಿನಂತಾಯಿತು. ಡಾಕ್ಟರು ಬಂದು, "ಏನೂ ಅಂಜಬ್ಯಾಡ್ರಿ, ಹುಡುಗ ಆರಾಮ ಅದಾನ, ಕರ್ಕೊಂಡ ಹೋಗ್ರಿ" ಎಂದಾಗ ನಾನು ನೆಲದ ಮೇಲೇ ಕೂತೆ. ಕೂತು ಅತ್ತುಬಿಟ್ಟೆ. ಅಷ್ಟು ಹಗುರವಾಗಿ ನಾನು ಎಂದೂ ಅತ್ತಿರಲಿಲ್ಲ.

ಆಗಲೇ ಹೆಲೆನ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒತ್ತಿ ತಿನ್ನಿಸಲು ಹೋದವಳು ನಾನು, ಅತ್ತೆಯವರಲ್ಲ, ಎಂದೆ. ಅವಳು ಬೈಯುತ್ತಾಳೆಂದು ಕಾದೆ. ಅವಳ ಮುಖ ಕೆಂಪಾಯಿತು. ಆಮೇಲೆ, "ಅವನು ಬಾಯಿ ಮುಚ್ಚಿಕೊಂಡನೇ?" ಎಂದು ಕೇಳಿದಳು. ಎರಡೂ ಕೈಗಳಿಂದ, ಎಂದೆ. ಅವಳು ಮಗನ ತಲೆ ಸವರಿದಳು.

"ಮನೆಯಲ್ಲಿ ಗೊಂಬೆಗಳನ್ನು ಇಟ್ಟುಕೊಂಡು ಎರಡು ವರ್ಷ ಇದನ್ನು ಆಟವಾಡಿಸಿ ಕಲಿಸಿದ್ದೇನೆ. ಕೆಟ್ಟವರಿಗೆ ಬೇಡ ಎನ್ನುವುದು ಸುಲಭ. ಪ್ರೀತಿಯಿಂದ ಕೊಡುವವರಿಗೆ ಹೇಳುತ್ತಾನೋ ಇಲ್ಲವೋ ಎಂಬ ಹೆದರಿಕೆ ನನಗೆ ಇತ್ತು. ಇವತ್ತು ಹೋಯಿತು," ಎಂದಳು.

ಆಮೇಲೆ ಬೆಂಚಿನ ತುಂಬ ಕೂತವರನ್ನು ತೋರಿಸಿ ಇವರೆಲ್ಲ ನಿಮ್ಮ ಬಂಧುಗಳೇ ಎಂದಳು. ಅಲ್ಲ, ನಮ್ಮ ಓಣಿಯವರು ಎಂದೆ. ಯಾಕೆ ಬಂದರು ಎಂದು ಕೇಳಿದಳು. ಅದನ್ನು ನಾನು ಕಾಕುವಿಗೆ ಕೇಳಿದೆ. "ಯಾಕಂದ್ರ? ಕೂಸಿಗೆ ಹಿಂಗಾದಾಗ ಮನ್ಯಾಗ ಹೆಂಗ ಕೂಡೋದು?" ಎಂದರು ಕಾಕು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಹೆಲೆನ್ ಕಣ್ಣು ಒರೆಸಿಕೊಂಡಳು. ಮೊದಲ ಸಲ ಹೀಗಾದಾಗ ಆಸ್ಪತ್ರೆಯಲ್ಲಿ ಅವಳು ಒಬ್ಬಳೇ ಎರಡು ದಿನ ಕೂತಿದ್ದಳಂತೆ. ಪಕ್ಕದ ಮನೆಯವರಿಗೆ ಅವಳೇ ಹೇಳಿದಾಗ ಗೊತ್ತಾದದ್ದಂತೆ.

ಹೊರಡುವಾಗ ಅತ್ತೆಯವರು ಜೇಮಿಯ ಮುಂದೆ ಕೂತು ಅವನ ಎರಡೂ ಕೈ ಹಿಡಿದುಕೊಂಡು, "ತಪ್ಪಾತಪ್ಪಾ" ಎಂದರು. ಮಗುವಿಗೆ ಹಿರಿಯರು ತಪ್ಪಾಯಿತು ಅಂದದ್ದನ್ನು ನಮ್ಮ ಮನೆಯಲ್ಲಿ ನಾನು ಕಂಡದ್ದು ಅದೇ ಮೊದಲು. ಅವನಿಗೆ ಭಾಷೆ ತಿಳಿಯಲಿಲ್ಲ, ಆದರೆ ಅವರ ಮಡಿಲಿಗೆ ಹತ್ತಿದ. ಜೀಪಿನಲ್ಲಿ ಅಲ್ಲೇ ನಿದ್ದೆ ಹೋದ. ತೆಲಸಂಗ ಬರುವ ತನಕ ಅತ್ತೆ ಕಾಲು ಅಲುಗಿಸಲಿಲ್ಲ.

ಮನೆಗೆ ಬಂದ ಮೇಲೆ ನಾನು ದಿನದಂತೆ ಅಮೃತಾಗೆ ಹಾಲು ಕಾಸಿ ಕೊಟ್ಟೆ. ಅವಳು ಲೋಟ ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಕೇಳಿದಳು.

"ಮಮ್ಮಿ, ನಾನೂ ಬ್ಯಾಡ ಅಂದ್ರ ನಡಿತೈತೇನ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಎದ್ದು ಬಂದು ಲೋಟ ತೆಗೆದುಕೊಂಡರು. "ನಡಿತೈತಿ ಬಾಳಾ. ಇಷ್ಟ ದಿನಾ ಯಾಕ ಹೇಳಲಿಲ್ಲ?" ಎಂದರು. ಅವಳು, "ಹೇಳಿದ್ನಲ್ಲಾ ಆಯಿ, ನೀವ್ ಯಾರೂ ಕೇಳಿಲ್ಲ," ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಬೇಡ ಎಂದರೆ ಬೇಡ. ಇದರಿಂದ ಹೊಸ ಪೇಚಾಟವೂ ಶುರುವಾಗಿದೆ. ಹೋದ ತಿಂಗಳು ಕಬ್ಬೂರಿನಿಂದ ನಮ್ಮ ನಾದಿನಿ, ಅವಳ ಗಂಡ ಬಂದಿದ್ದರು. ಅಳಿಯಂದಿರು ಸಂಕೋಚಕ್ಕೆ ಎರಡನೆಯ ಹೋಳಿಗೆಗೆ ಕೈ ಅಡ್ಡ ಹಿಡಿದದ್ದೇ ತಡ, ಅತ್ತೆ ಸೀದಾ ಬುಟ್ಟಿ ಎತ್ತಿಕೊಂಡು ಒಳಗೆ ನಡೆದರು. ಪಾಪ, ಅವರು ಬರಿ ತಾಟನ್ನು ನೋಡುತ್ತಾ ಕೂತಿದ್ದರು. ಆಮೇಲೆ ನಾದಿನಿ ಬಂದು, "ವೈನಿ, ಅವ್ವ ಇವ್ರ ಮ್ಯಾಗ ಸಿಟ್ಟಾಗ್ಯಾಳೇನ?" ಎಂದು ಕೇಳಿದಳು. ನಾನು ಅಡುಗೆಮನೆಯಲ್ಲಿ ನಕ್ಕು ನಕ್ಕು ಸಾಕಾಗಿ, ಎರಡು ಹೋಳಿಗೆ ಒಯ್ದು ಅವರ ತಾಟಿಗೆ ಹಾಕಿ ಬಂದೆ.

ಹೆಲೆನ್ ಆಗಾಗ ಫೋನ್ ಮಾಡುತ್ತಾಳೆ. ಜೇಮಿ ಅತ್ತೆಯವರಿಗೆ ಕೈ ಬೀಸುತ್ತಾನೆ. ಅತ್ತೆಯವರು ಮೊದಲು ಅವನ ತುಟಿಯನ್ನೇ ನೋಡುತ್ತಾರೆ, ಆಮೇಲೆ ಮಾತು. ಹದಿನಾರು ವರ್ಷದಿಂದ ನಾನು ತರಗತಿಯಲ್ಲಿ "ಹೇಳಿದ ಮಾತು ಕೇಳಿರಿ" ಎಂದು ಮಕ್ಕಳಿಗೆ ಕಲಿಸುತ್ತಾ ಬಂದವಳು. ಇವತ್ತು ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರೆ, ಅದು ನನ್ನ ಮಾತು ಕೇಳದ ಒಬ್ಬ ಹುಡುಗನಿಂದ.