ಅಕ್ಕನ ಹೊಸ ಕೈ, ನನ್ನ ಕಷಾಯ

ಸಿಂಚನಾ, ಪ್ರಣವ, ನಿನ್ನೆ ಬೇಲಿಯ ಅಮೃತಬಳ್ಳಿ ಸವರುವಾಗ ಅದರ ಕಹಿ ವಾಸನೆ ಮೂಗಿಗೆ ಬಂತು. ಕತ್ತಿ ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ. ಎದುರಿಗೆ ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಕಾಯ್ಕಿಣಿಯ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ಕಬ್ಬಿಣದ ಕೊಕ್ಕೆಯಿಂದ ನುಗ್ಗೆಕಾಯಿ ಕೊಯ್ಯುವಾಗ ಕರೆಂಟ್ ತಂತಿ ತಾಗಿ ಅವಳ ಎರಡೂ ಕೈ ಹೋದವು. ಮೂರು ವರ್ಷದ ಮೇಲೆ ಕೇರಳದ ಒಂದು ಆಸ್ಪತ್ರೆಯಲ್ಲಿ, ತೀರಿಹೋದ ಯಾರೋ ಒಬ್ಬರ ಮನೆಯವರು ಕೈಗಳನ್ನು ಕೊಡಲು ಒಪ್ಪಿದರು. ಮೊದಲು ಎಲುಬು ಕೂಡಿಸಿ, ಆಮೇಲೆ ರಕ್ತನಾಳ, ಬೆರಳೆಳೆಯುವ ಸ್ನಾಯು, ಕೂದಲಿನಂಥ ನರ ಒಂದೊಂದಾಗಿ ಹೊಲಿದರಂತೆ. ನರ ಮಾತ್ರ ದಿನಕ್ಕೆ ಸಾಸಿವೆ ಕಾಳಿಗಿಂತ ಹೆಚ್ಚು ಬೆಳೆಯುವುದಿಲ್ಲವಂತೆ...

ಊರಿಗೆ ಬಂದಾಗ ಕೈ ಬೆಚ್ಚಗಿತ್ತು, ಆದರೆ ಮುಟ್ಟಿದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಮಾತ್ರೆ ನುಂಗಿ ನುಂಗಿ ಸೊರಗಿದ್ದಳು. ನಿಮ್ಮ ಅಜ್ಜನಿಗೆ ಜ್ವರ ಬಂದಾಗಲೆಲ್ಲ ಕೊಡುತ್ತಿದ್ದಂತೆ, ಶಕ್ತಿ ಬರಲೆಂದು ಅವಳಿಗೂ ದಿನಾ ಅಮೃತಬಳ್ಳಿ ಕಷಾಯ ಕುಡಿಸಿದೆ.

ಎರಡನೇ ವಾರ ಹೊಸ ಕೈಗಳ ಮೇಲೆ ಕೆಂಪು ದದ್ದು ಎದ್ದವು. ಅವಳ ಗಂಡ ಆ ಆಸ್ಪತ್ರೆಯ ಕನ್ನಡ ಬಲ್ಲ ಡಾಕ್ಟರಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದರು. ಮಾತ್ರೆ ಬಿಟ್ಟು ಬೇರೇನಾದರೂ ಕೊಟ್ಟಿರಾ ಎಂದು ಡಾಕ್ಟರು ಕೇಳಿದ್ದು ಬಾಗಿಲ ಹಿಂದೆ ನಿಂತ ನನಗೂ ಕೇಳಿಸಿತು.

"ಎಂತದೂ ಕೊಡ್ಲಿಲ್ಲ" ಎಂದರು ಅವಳ ಗಂಡ. ಅವರಿಗೆ ಕಷಾಯದ ವಿಷಯ ತಿಳಿದಿರಲಿಲ್ಲ, ಅಕ್ಕನಿಗೆ ಗೊತ್ತಿತ್ತು. ನನ್ನನ್ನು ನೋಡಿ, ಹೇಳಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದಳು.

ಪರಗಂಡಸರೆದುರು ಬಾಯಿ ತೆರೆಯದ ನಾನು ಫೋನಿನ ಹತ್ತಿರ ಹೋದೆ. "ಕಷಾಯ ಕೊಟ್ಟದ್ದು ನಾನು. ಅಮೃತಬಳ್ಳಿದು."

ಡಾಕ್ಟರು ಬೈಯಲಿಲ್ಲ. ಹೊಸ ಕೈಯನ್ನು ಮೈ ಹೊರದೂಡದಿರಲೆಂದು ಮಾತ್ರೆ ಮೈಯ ಕಸುವನ್ನು ತಗ್ಗಿಸುತ್ತದೆ, ನಿಮ್ಮ ಬಳ್ಳಿ ಅದನ್ನೇ ಎಬ್ಬಿಸುತ್ತದೆ, ಕೂಡಲೇ ಕರೆತನ್ನಿ ಎಂದರು. ಕಾರು ಹತ್ತುವಾಗ ಅಕ್ಕ ನನ್ನನ್ನೇ ಛೇಡಿಸಿದಳು: "ಅಳಬೇಡ್ವೇ ಮಾರಾಯ್ತಿ. ಈ ಕೈ ಹೋದ್ರೆ ನನ್ನ ತಲೆ ಬಾಚೂದು ನೀನೇ, ನೋಡು!"

ಔಷಧ ಬದಲಿಸಿ ಕೈ ಉಳಿಸಿದರು. ಮುಂದಿನ ಮಳೆಗಾಲ ಮುಗಿಯುವಾಗ ಒಂದು ಸಂಜೆ, ಚಾ ಲೋಟ ಹಿಡಿದವಳು ಕೂಗಿಕೊಂಡಳು.

"ಎಂತ ಆತೇ ಅಕ್ಕ?"

"ಸುಡ್ತದೆ! ಬೆರಳು ಸುಡ್ತದೆ!" ನಗುತ್ತಿದ್ದಳು. ಲೋಟ ಕೆಳಗಿಡಲೇ ಇಲ್ಲ.

ಐದು ವರ್ಷ ಆ ಕೈಯಲ್ಲೇ ಬಾಳಿದಳು. ಕಳೆದ ವರ್ಷ ಎದೆನೋವು ಬಂದು ಹೋಗಿಬಿಟ್ಟಳು. ಅವಳೊಂದಿಗೆ, ಹೆಸರೂ ತಿಳಿಯದ ಇನ್ನೊಬ್ಬರನ್ನು ಎರಡನೇ ಸಲ ಕಳಿಸಿಕೊಟ್ಟ ಹಾಗಾಯಿತು. ಅವರಿಬ್ಬರ ಫೋಟೊ ನನ್ನಲ್ಲಿಲ್ಲ ಮಕ್ಕಳೇ, ಇರುವುದು ಈ ಹಾಳೆಗಳಷ್ಟೇ. ಗೆದ್ದಲು ಮುಟ್ಟದ ಕಡೆ ಇಟ್ಟುಕೊಳ್ಳಿ.